ಇಂದಿರಾಬಾಯಿಯವರ ಹಾಡಿಗೆ ನಾನು ಹಾಕಿದ ಬೀಗ

ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ನನ್ನಂಥವನು ಮನೆಯಲ್ಲಿರುವಾಗ ನೆರೆಯವರಿಗೆ ಚಿಂತೆಯೇಕೆ? ಹೀಗೆಂದು ನಾನು ನಂಬಿದ್ದೆ, ನೆರೆಯವರೂ ನಂಬಿದರು.

ನಮ್ಮ ಹಿಮಾಯತ್‌ನಗರದ ಮನೆಯ ಮಹಡಿಯಲ್ಲಿ ಕಲಬುರಗಿ ಕಡೆಯ ಇಂದಿರಾಬಾಯಿಯವರಿದ್ದರು. ದೇವರನಾಮ ಹಾಡುವುದೇ ಅವರ ಜೀವನೋಪಾಯ. ಅವರ ಮೊದಲ ಕ್ಯಾಸೆಟ್ಟು ಕನ್ನಡದವರ ಮನೆಮನೆಯಲ್ಲೂ ಮೊಳಗಿತು. ಒಬ್ಬರು ಕೊಂಡರೆ ಹತ್ತು ಜನ ನಕಲು ಮಾಡಿಕೊಂಡಿದ್ದರು. ಈಗ ಸೀಡಿ ತರುವವರಿದ್ದರು. ಇದೂ ಹಾಗೇ ಆದರೆ ಹಾಡು ಬಿಟ್ಟು ಹಪ್ಪಳ ಮಾರುವುದೇ ಗತಿ ಎಂದು ಕಣ್ಣೊರೆಸಿಕೊಂಡರು.

ಸೀಡಿಯನ್ನು ಯಾರೂ ನಕಲು ಮಾಡದಂತೆ ಕಂಪ್ಯೂಟರಿನಲ್ಲೇ ಬೀಗ ಹಾಕಿಕೊಡುತ್ತೇನೆಂದು ಘೋಷಿಸಿದೆ.

“ನಮ್ಮನಿ ಕ್ಯಾಸೆಟ್ ಎಲ್ಲಿಂದ ಬಂತ್ರಿ?” ಎಂದಳು ಹೆಂಡತಿ ಸುಧಾ.

ನಕಲು ಮಾಡಿದವನು ನಾನೇ. ಅವಳ ಪ್ರಶ್ನೆ ಕೇಳಿಸದವನಂತೆ ಕೆಲಸಕ್ಕೆ ಕುಳಿತೆ.

ಎರಡು ವಾರ ಬೆವರು ಸುರಿಸಿ ಬೀಗ ತಯಾರಿಸಿದೆ. ಯಾರಾದರೂ ಕಳ್ಳತನಕ್ಕೆ ಕೈಹಾಕಿದರೆ ‘ನಕಲು ಮಾಡುವವರೇ, ನಾಚಿಕೆಯಾಗಲಿ!’ ಎಂದು ಪರದೆಯ ಮೇಲೆ ಮೂಡುವಂತೆಯೂ ಮಾಡಿದೆ. ನನ್ನ ಕಂಪ್ಯೂಟರಿನಲ್ಲಿ ಸೀಡಿ ಸೊಗಸಾಗಿ ಹಾಡಿತು. ಬೇರೆಲ್ಲಾದರೂ ಹಾಕಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ಬಿಡುಗಡೆಯ ದಿನ ಭಜನಾ ಮಂಡಳಿಯ ಹೆಂಗಸರೆಲ್ಲ ಸೇರಿದರು. ಎಲ್ಲರಿಗಿಂತ ಮೊದಲು ದುಡ್ಡು ಕೊಟ್ಟು ಕೊಂಡವರು ಅಧ್ಯಕ್ಷೆ. ಅವರ ಸೀಡಿಯನ್ನೇ ಸಭೆಯ ಕಂಪ್ಯೂಟರಿಗೆ ಹಾಕಿದೆವು. ಹಾಡು ಬರಲಿಲ್ಲ. ‘ನಕಲು ಮಾಡುವವರೇ, ನಾಚಿಕೆಯಾಗಲಿ!’ ಎಂದು ಬಂತು. ಇನ್ನೊಬ್ಬರು ಕೊಂಡ ಸೀಡಿ ಹಾಕಿದೆ. ಅವರಿಗೂ ನಾಚಿಕೆಯಾಗಲಿ! ಭೂಮಂಡಲದಲ್ಲಿ ನನ್ನ ಕಂಪ್ಯೂಟರ್ ಒಂದನ್ನು ಬಿಟ್ಟು ಉಳಿದವೆಲ್ಲ ಕಳ್ಳರವೆಂದು ನನ್ನ ಬೀಗ ತೀರ್ಮಾನಿಸಿತ್ತು. ನಾನು ಕಂಬದ ಮರೆಗೆ ಸರಿದೆ.

ಆಗ ಇಂದಿರಾಬಾಯಿ ಎದ್ದು, ಸೆರಗು ಬಿಗಿದು, ಮೈಕಿಲ್ಲದೆ ಹಾಡತೊಡಗಿದರು. ಗುಸುಗುಸು ನಿಂತಿತು. ಹೆಂಗಸರು ಚೀಲದಿಂದ ನೋಟ್‌ಬುಕ್ ತೆಗೆದು ಸಾಲುಗಳನ್ನು ಬರೆದುಕೊಳ್ಳತೊಡಗಿದರು. ನಾನು ನೋಡುತ್ತಿದ್ದಂತೆಯೇ ಶುದ್ಧ ನಕಲು! ಕೊನೆಗೆ ಅಧ್ಯಕ್ಷೆ ಸೀಡಿಯ ದುಡ್ಡು ವಾಪಸ್ ಕೇಳಲಿಲ್ಲ, ಅದನ್ನು ನಮಗೆ ಹಾಡು ಕಲಿಸುವ ಶುಲ್ಕವೆಂದು ಇಟ್ಟುಕೊಳ್ಳಿ ಎಂದರು. ಮರುವಾರವೇ ಮಹಡಿಯಲ್ಲಿ ಕ್ಲಾಸು ಶುರುವಾಯಿತು. ಈಗ ಮೆಟ್ಟಿಲ ತುಂಬ ಚಪ್ಪಲಿ.

ಸಿಹಿ ಹಿಡಿದು ಕ್ಷಮೆ ಕೇಳಲು ಹೋದೆ.

“ನಿಮ್ಮ ಉಪಕಾರ ಭಾಳ ಐತ್ರಿ,” ಎಂದರು ಇಂದಿರಾಬಾಯಿ. “ಸೀಡಿ ಹಾಡಿದ್ದರ ಎಲ್ಲಾರೂ ಮನ್ಯಾಗ ಕೂತು ಕೇಳ್ತಿದ್ರು. ನನ್ನ ಹತ್ರ ಯಾರು ಬರ್ತಿದ್ರು?”

ನನ್ನ ಕಣ್ಣು ತುಂಬಿತು. ಬೈಯಬೇಕಾದವರು ಹರಸುತ್ತಿದ್ದರು. ಮುಂದಿನ ಸೀಡಿಗೂ ಬೀಗ ಹಾಕಲು ನಾನೇ ಬರುತ್ತೇನೆ ಎಂದುಬಿಟ್ಟೆ.

“ಬರ್ರಿ,” ಎಂದರು ತಣ್ಣಗೆ. “ಕೊಳ್ಳಾಕಷ್ಟ ಬರ್ರಿ.”

ಹೋದೆ. ಆ ಸೀಡಿ ಬಂದ ದಿನವೇ ದುಡ್ಡು ಕೊಟ್ಟು ಕೊಂಡೆ. ಯಾರೂ ನಂಬುವುದಿಲ್ಲವೆಂದು ಸುಧಾ ರಸೀದಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ.