ದಯವಿಟ್ಟು ನನ್ನನ್ನು ಉಲ್ಲೇಖಿಸಬೇಡಿ

ನನ್ನ ಭಾವನವರಿಗೆ ಬಿ.ಪಿ. ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಐವತ್ತಾರು ದಾಟಿದರೂ ಕನ್ನಡಕವಿಲ್ಲದೆ ಪೇಪರ್ ಓದುತ್ತಾರೆ. ಅವರಿಗಿರುವುದು ಒಂದೇ ಕಾಯಿಲೆ. ಅದಕ್ಕೆ ದೆಹಲಿಯ ಯಾವ ದೊಡ್ಡಾಸ್ಪತ್ರೆಯಲ್ಲೂ ವಾರ್ಡಿಲ್ಲ. ಅದರ ಹೆಸರು ಸೈಟೇಶನ್.

ಭಾವ ಕ್ಯಾನ್ಸರಿನ ಮೇಲೆ ಸಂಶೋಧನೆ ಮಾಡುವವರು. ನಮ್ಮ ದೇಹದೊಳಗಿರುವ ಕಾವಲು ಪಡೆಯನ್ನೇ ಎಬ್ಬಿಸಿ ಗಡ್ಡೆಯ ಮೇಲೆ ಛೂ ಬಿಡುವ ವಿದ್ಯೆ, ಇಮ್ಯುನೋಥೆರಪಿ, ಅವರದು. ಅವರು ಬರೆದ ಪ್ರಬಂಧಗಳನ್ನು ಬೇರೆ ವಿಜ್ಞಾನಿಗಳು ಓದಿ ತಮ್ಮ ಪ್ರಬಂಧದಲ್ಲಿ ಹೆಸರಿಸಿದರೆ ಅದು ಒಂದು ಸೈಟೇಶನ್, ಅಂದರೆ ಉಲ್ಲೇಖ. ನನ್ನ ಅಕ್ಕ, ಅವರ ಹೆಂಡತಿ, ಇದನ್ನು ನನಗೆ ಇನ್ನೂ ಸರಳವಾಗಿ ವಿವರಿಸಿದ್ದಳು. ಯಾರದೋ ಮದುವೆಯ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ಇವರ ಅರ್ಧ ತಲೆ ಕಾಣಿಸುತ್ತದಂತೆ. ಇವರು ಆ ಫೋಟೋವನ್ನು ಹುಡುಕಿ ತೆಗೆದು ದಿನವಿಡೀ ಸಂತೋಷಪಡುತ್ತಾರಂತೆ.

ಮಯೂರ್ ವಿಹಾರದ ಅವರ ಫ್ಲ್ಯಾಟಿನಲ್ಲಿ ದಿನ ಶುರುವಾಗುವುದೇ ಹಾಗೆ. ಮದರ್ ಡೇರಿಯ ಹಾಲು ಒಲೆಯ ಮೇಲೆ, ಭಾವ ಬಾಲ್ಕನಿಯಲ್ಲಿ, ಫೋನಿನಲ್ಲಿ ಉಲ್ಲೇಖಗಳ ಪುಟ. ದೆಹಲಿಯಲ್ಲೇ ಹುಟ್ಟಿ ಬೆಳೆದ ಮಗಳು ಶಾಲೆಗೆ ಹೊರಡುವಾಗ "ಪಪ್ಪಾ, ಆಜ್ ಕಾ ಸ್ಕೋರ್ ಎಷ್ಟು?" ಎಂದು ಕೇಳುತ್ತಾಳೆ. ಎರಡು ಏರಿದ್ದರೆ ಅಕ್ಕ ಧೈರ್ಯವಾಗಿ ಉಪ್ಪಿಟ್ಟು ಮಾಡುತ್ತಾಳೆ. ಏನೂ ಏರದಿದ್ದರೆ ದೋಸೆಯೇ ಆಗಬೇಕು. ಒಂದು ಸಲ ಸಂಖ್ಯೆ ಒಂದು ಇಳಿದಿತ್ತು. ಏರುವುದು ಗೊತ್ತು, ಇಳಿಯುವುದು ಹೇಗೆ? ಕಳೆದುಹೋದ ಕರುವನ್ನು ಹುಡುಕುವವರಂತೆ ಭಾವ ಎರಡು ದಿನ ಆ ಒಂದನ್ನು ಹುಡುಕಿದರು. ಕೊನೆಗೆ ಅದು ಎರಡು ಸಲ ಎಣಿಕೆಯಾಗಿದ್ದ ಒಂದೇ ಪ್ರಬಂಧವೆಂದು ತಿಳಿಯಿತು. "ನ್ಯಾಯವಾಗಿಯೇ ಹೋಗಿದೆ, ಬಿಡು" ಎಂದು ಸಮಾಧಾನ ಹೇಳಿದರು. ಹೇಳಿದ್ದು ಅಕ್ಕನಿಗೆ. ಅವಳಿಗೆ ಇಳಿದದ್ದೇ ಗೊತ್ತಿರಲಿಲ್ಲ.

ಭಾವನವರ ವಿಜ್ಞಾನ ಒಮ್ಮೆ ಆ ಫ್ಲ್ಯಾಟುಗಳ ಸೊಸೈಟಿಯ ಗೇಟಿಗೂ ತಲುಪಿತು. ಸಂಜೆ ಬೆಂಚಿನ ಮೇಲೆ ಕೂರುವ ನಿವೃತ್ತರೊಬ್ಬರು, ನೀವು ನಿಜವಾಗಿ ಮಾಡುವುದೇನು ಎಂದು ಕೇಳಿದರು. ಭಾವ ಹಿಂದಿಯಲ್ಲಿ ವಿವರಿಸಿದರು. ರಕ್ತದಲ್ಲಿ ಚೌಕಿದಾರ ಕೋಶಗಳಿವೆ. ಕ್ಯಾನ್ಸರಿನ ಕೋಶ ಕಳ್ಳ; ಆದರೆ ಸೊಸೈಟಿಯ ಸ್ಟಿಕ್ಕರ್ ಅಂಟಿಸಿಕೊಂಡು ಬರುವ ಕಳ್ಳ. ಚೌಕಿದಾರ ಸ್ಟಿಕ್ಕರ್ ನೋಡಿ ಸಲಾಮು ಹೊಡೆದು ಒಳಗೆ ಬಿಡುತ್ತಾನೆ. ಸ್ಟಿಕ್ಕರ್ ನೋಡಿ ಮೋಸಹೋಗಬೇಡ ಎಂದು ಅವನಿಗೆ ಹೇಳಿಕೊಡುವುದೇ ನಮ್ಮ ಔಷಧ. ಇಷ್ಟನ್ನೂ ಗೇಟಿನ ಚೌಕಿದಾರ ರಾಮ್‌ಬೀರ್ ನಿಂತು ಕೇಳಿಸಿಕೊಂಡಿದ್ದ. ಮರುದಿನ ಅವನು ಸೊಸೈಟಿಯ ಅಧ್ಯಕ್ಷರ ಕಾರನ್ನೇ ಇಪ್ಪತ್ತು ನಿಮಿಷ ಹೊರಗೆ ನಿಲ್ಲಿಸಿದ. ಸ್ಟಿಕ್ಕರ್ ತೋರಿಸಿದಷ್ಟೂ ಅವನ ಅನುಮಾನ ಹೆಚ್ಚಿತಂತೆ. ಅಧ್ಯಕ್ಷರು ದೂರು ತಂದಾಗ ಭಾವನವರ ಮುಖದಲ್ಲಿ ನಿಜವಾದ ಸಂತೋಷವಿತ್ತು. "ಇದೂ ನಮ್ಮಲ್ಲಿ ಆಗುತ್ತದೆ. ಕಾವಲು ಕೋಶಗಳು ಮನೆಯವರ ಮೇಲೆಯೇ ಬೀಳುತ್ತವೆ. ಡೋಸ್ ಸ್ವಲ್ಪ ಜಾಸ್ತಿಯಾಗಿದೆ" ಎಂದರು.

ಫ್ಲ್ಯಾಟಿನ ಗೃಹಪ್ರವೇಶದ ಆಮಂತ್ರಣವನ್ನೂ ಹೇಳಬೇಕು. ಇವರ ಲೋಕದಲ್ಲಿ ಪ್ರಬಂಧದ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯ ಹೆಸರು ಯಜಮಾನರದು, ನಡುವಿನವರು ಅಷ್ಟಿಷ್ಟು ಕೈಹಾಕಿದವರು. ಭಾವ ಕಾರ್ಡಿನಲ್ಲಿ ಅಕ್ಕನ ಹೆಸರನ್ನು ಮೊದಲು ಹಾಕಿಸಿದರು. ನಡುವೆ ಬಡಗಿಯ ಹೆಸರು, ಟೈಲ್ಸ್ ಹಾಕಿದವನ ಹೆಸರು, ಪರದೆಗಳನ್ನು ಆರಿಸಿದ್ದಕ್ಕಾಗಿ ನನ್ನ ಹೆಸರು. ಕೊನೆಯಲ್ಲಿ ತಮ್ಮದು. ನಮ್ಮ ದೊಡ್ಡಮ್ಮ ಮೈಸೂರಿನಿಂದ ಫೋನ್ ಮಾಡಿ, ಈ ಮನೆಗೆ ಇಷ್ಟು ಜನ ಪಾಲುದಾರರೇ ಎಂದು ಗಾಬರಿಯಿಂದ ಕೇಳಿದರು.

ಒಂದು ಗುಣವನ್ನು ಮಾತ್ರ ನಾನು ಮೆಚ್ಚಿದ್ದೇನೆ. ತನ್ನ ಪ್ರಬಂಧದಲ್ಲಿ ತನ್ನನ್ನೇ ಉಲ್ಲೇಖಿಸಿಕೊಳ್ಳುವುದು ಭಾವನವರ ಪ್ರಕಾರ ಕೀಳು ಅಭ್ಯಾಸ. ಈ ವ್ರತವನ್ನು ಅವರು ಸಂಸಾರದಲ್ಲೂ ಪಾಲಿಸುತ್ತಾರೆ. 'ನಾನು ಆಗಲೇ ಹೇಳಿರಲಿಲ್ಲವೇ' ಎಂಬ ಮಾತು ಅವರ ಬಾಯಿಂದ ಬಂದದ್ದಿಲ್ಲ. ಕುಂಭಕರ್ಣನಂತೆ ಮಲಗಿದ ನಮ್ಮಿಂದಾಗಿ ಬೆಂಗಳೂರಿನ ವಿಮಾನ ತಪ್ಪಿದಾಗಲೂ ಅವರು ತುಟಿ ಬಿಗಿಹಿಡಿದು ಕೂತಿದ್ದರು. ಇಂಥ ಗಂಡ ಎಷ್ಟು ಹೆಂಗಸರಿಗೆ ಸಿಗುತ್ತಾನೆ? ಸ್ವಂತ ಉಲ್ಲೇಖ ಬೇಡವೆನ್ನುವ ವಿಜ್ಞಾನಿಗಳನ್ನೇ ಹುಡುಕಿ ಮದುವೆಯಾಗಿ ಎಂದು ನನ್ನ ಗುರುಗ್ರಾಮದ ಆಫೀಸಿನ ಹುಡುಗಿಯರಿಗೆ ನಾನು ಸಲಹೆ ಕೊಟ್ಟಿದ್ದೇನೆ.

ಭಾವನವರ ಉಲ್ಲೇಖಗಳಲ್ಲಿ ಹೆಚ್ಚಿನವು ಒಂದೇ ಪ್ರಬಂಧಕ್ಕೆ ಬಂದವು. ಅವರು ಬೇರೆ ನೂರು ಬರೆದಿರಬಹುದು, ಆದರೆ ಜನ ಅವರನ್ನು ಗುರುತಿಸುತ್ತಿದ್ದದ್ದು ಅದರಿಂದ. ಒಂದು ಬಗೆಯ ಗಡ್ಡೆಯ ಕೋಶಗಳು ಕಾವಲು ಕೋಶಗಳಿಂದ ಹೇಗೆ ಅಡಗಿಕೊಳ್ಳುತ್ತವೆ ಎಂಬುದು ಅದರ ವಿಷಯ. ಅದರ ಮೇಲೆ ಕಟ್ಟಿದ ಹೊಸ ಕೆಲಸವನ್ನು ಅವರ ವಿದ್ಯಾರ್ಥಿನಿ ನಸೀಮಾ ತನ್ನ ಪಿಎಚ್.ಡಿ.ಗೆ ಮಾಡುತ್ತಿದ್ದಳು. ಗದಗಿನ ಹುಡುಗಿ, ಮುನಿರ್ಕಾದಲ್ಲಿ ಬಾಡಿಗೆಯ ಕೋಣೆ. ಹಬ್ಬಗಳಲ್ಲಿ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದಳು. ಮಾತು ಕಡಿಮೆ, ಉಪ್ಪಿನಕಾಯಿ ಜಾಸ್ತಿ.

ಆ ನಸೀಮಾ ಒಂದು ದಿನ ಭಾವನವರ ಕೋಣೆಗೆ ಹೋಗಿ, ಹಳೆಯ ಪ್ರಯೋಗದಲ್ಲಿ ಬಳಸಿದ ಕೋಶಗಳು ಹೆಸರಿನಲ್ಲಿದ್ದ ಕೋಶಗಳಲ್ಲ ಎಂದಳು. ಹುಳಿಪುಡಿಯೆಂದು ಬರೆದ ಡಬ್ಬಿಯಲ್ಲಿ ಯಾವಾಗಲೋ ಸಾರಿನಪುಡಿ ಬೆರೆತಂತೆ, ಶೀಶೆಯೊಳಗೆ ಬೇರೊಂದು ಬಗೆಯ ಕೋಶ ಸೇರಿಕೊಂಡಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಪ್ರಬಂಧದ ತೀರ್ಮಾನ ನಿಲ್ಲುವುದಿಲ್ಲ. ಅದು ಬಿದ್ದರೆ ಅದರ ಮೇಲೆ ಕಟ್ಟಿದ ನಸೀಮಾಳ ಮೂರು ವರ್ಷದ ಕೆಲಸವೂ ಬೀಳುತ್ತದೆ.

ಭಾವ ಯಾರ ಮೇಲೂ ಹಾರಾಡಲಿಲ್ಲ. ವರ್ಷಗಳಿಂದ ಕೈಗವಸು ತೊಡದಿದ್ದವರು ತಾವೇ ಕೂತು ಪರೀಕ್ಷೆಯನ್ನು ಮತ್ತೆ ಮಾಡಿದರು. ಉತ್ತರ ಅದೇ ಬಂತು. ಆ ವಾರ ಅಕ್ಕ ದಿನಾ ದೋಸೆ ಹುಯ್ದಳು. ಅವರು ಏನು ತಿಂದೆನೆಂದು ನೋಡಲೂ ಇಲ್ಲ. ಹಿತೈಷಿಯೊಬ್ಬರು ಮನೆಗೇ ಬಂದು, ಹಳೆಯ ಪ್ರಬಂಧ, ಈಗ ಅದನ್ನು ಯಾರು ನೋಡುತ್ತಾರೆ, ಸುಮ್ಮನಿದ್ದುಬಿಡಿ ಎಂದು ಬುದ್ಧಿ ಹೇಳಿದರು. ಚಹಾ ತಂದ ನಾನು ಅಲ್ಲೇ ಇದ್ದೆ.

"ಎಷ್ಟು ಜನ ನೋಡಿದ್ದಾರೆ ಅಂತ ದಿನಾ ಬೆಳಿಗ್ಗೆ ಎಣಿಸಿದವನು ನಾನು. ಯಾರೂ ನೋಡಲ್ಲ ಅಂತ ಈಗ ಹೇಗೆ ಹೇಳಲಿ?" ಎಂದರು ಭಾವ.

ಪ್ರಬಂಧವನ್ನು ವಾಪಸ್ ಪಡೆಯುತ್ತೇನೆಂದು ಅದನ್ನು ಪ್ರಕಟಿಸಿದ್ದ ವಿಜ್ಞಾನ ಪತ್ರಿಕೆಗೆ ಬರೆದರು. ಕೆಲವು ತಿಂಗಳಲ್ಲಿ ಅದರ ಶೀರ್ಷಿಕೆಯ ಮೇಲೆ 'ಹಿಂಪಡೆಯಲಾಗಿದೆ' ಎಂಬ ಕೆಂಪು ಮುದ್ರೆ ಬಿತ್ತು. ಕಾರಣವನ್ನು ಅವರೇ ಬರೆದಿದ್ದರು; ತಪ್ಪನ್ನು ಕಂಡುಹಿಡಿದವಳು ನಸೀಮಾ ಎಂದೂ ಅದರಲ್ಲಿತ್ತು.

ಅಲ್ಲಿಗೆ ಮುಗಿಯಿತೆಂದು ನಾವಂದುಕೊಂಡೆವು. ಆದರೆ ಉಲ್ಲೇಖಗಳಿಗೆ ಇದು ಗೊತ್ತಾಗಬೇಕಲ್ಲ! ಕೆಂಪು ಮುದ್ರೆಯನ್ನು ನೋಡದ ಜನ ಎಲ್ಲೆಲ್ಲಿಂದಲೋ ಅದನ್ನು ಉಲ್ಲೇಖಿಸುತ್ತಲೇ ಇದ್ದರು. ಸಂಖ್ಯೆ ಏರುತ್ತಲೇ ಇತ್ತು. ಭಾವ ಮೊದಲಿನಂತೆಯೇ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಪುಟ ತೆರೆಯುತ್ತಿದ್ದರು. ಏರಿದ ಒಂದೊಂದಕ್ಕೂ ಒಂದೊಂದು ಪತ್ರ ಬರೆಯುತ್ತಿದ್ದರು. ಆ ಪ್ರಬಂಧ ತಪ್ಪು, ಕಾರಣ ಹೀಗೆ, ದಯವಿಟ್ಟು ನನ್ನನ್ನು ಉಲ್ಲೇಖಿಸಬೇಡಿ. ಕೆಲವರು ಧನ್ಯವಾದ ಹೇಳಿದರು. ಹೆಚ್ಚಿನವರು ಉತ್ತರಿಸಲಿಲ್ಲ. ಒಬ್ಬ ಪುಣ್ಯಾತ್ಮ ಮಾತ್ರ, ನಿಮ್ಮ ಪತ್ರ ಬಹಳ ಸ್ಪಷ್ಟವಾಗಿದೆ, ಮುಂದಿನ ಪ್ರಬಂಧದಲ್ಲಿ ಇದನ್ನು ಉಲ್ಲೇಖಿಸಬಹುದೇ ಎಂದು ಕೇಳಿದ. ಭಾವ ಬಹಳ ದಿನಗಳ ಮೇಲೆ ನಕ್ಕರು.

ಈ ನಡುವೆ ನಸೀಮಾ ಲ್ಯಾಬಿಗೆ ಬರುವುದು ನಿಂತಿತು. ಫೋನ್ ಎತ್ತಲಿಲ್ಲ. ಒಂದು ವಾರದ ಮೇಲೆ ಅವಳ ಗೆಳತಿ ಸುದ್ದಿ ಕೊಟ್ಟಳು: ಗದಗಿನಿಂದ ಅವಳ ತಾಯಿ ಬಂದಿದ್ದಾರೆ, ಮಗಳನ್ನು ಊರಿಗೆ ಕರೆದುಕೊಂಡು ಹೋಗುತ್ತಾರಂತೆ, ಟಿಕೆಟ್ ಆಗಿದೆ. ಭಾವ ನನಗೆ ಫೋನ್ ಮಾಡಿದರು. ಓದುವ ಕಾಲದಲ್ಲಿ ನಾನು ಎರಡು ವರ್ಷ ಮುನಿರ್ಕಾದಲ್ಲೇ ಇದ್ದವಳು. ಅಲ್ಲಿನ ಗಲ್ಲಿಗಳಿಗೆ ಹೊಸಬರು ನುಗ್ಗಿದರೆ ಮೊದಲು ಸಿಕ್ಕ ಮೊಮೊ ಅಂಗಡಿಯನ್ನೇ ಮೂರು ಸಲ ದಾಟುತ್ತಾರೆ.

ಭಾನುವಾರ ಮಧ್ಯಾಹ್ನ ಇಬ್ಬರೂ ಹೋದೆವು. ನಾಲ್ಕನೆಯ ಮಹಡಿ, ಒಬ್ಬರೇ ಹತ್ತಬಹುದಾದ ಮೆಟ್ಟಿಲು. ಕೋಣೆಯಲ್ಲಿ ಚೀಲಗಳು ಕಟ್ಟಿ ಸಿದ್ಧವಾಗಿದ್ದವು. ಒಳಗೆ ಬಂದವರು ಯಾರೆಂದು ತಿಳಿದ ಕೂಡಲೇ ಆ ತಾಯಿ ಎದ್ದು ನಿಂತು ಸೆರಗು ತಲೆಯ ಮೇಲೆಳೆದುಕೊಂಡರು.

"ಸಣ್ಣಾಕಿ ಅದಾಳ್ರೀ ಸರ. ಗುರುವಿನ ತಪ್ಪು ಹುಡುಕಬಾರದು ಅಂತ ತಿಳೀಲಿಲ್ಲ ಆಕಿಗೆ. ಹೊಟ್ಟ್ಯಾಗ ಹಾಕ್ಕೊಳ್ರಿ. ನಾ ಊರಿಗೆ ಕರ್ಕೊಂಡು ಹೋಗ್ತೀನ್ರಿ."

ಭಾವ ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂರಲಿಲ್ಲ.

"ಅಮ್ಮಾ, ತಪ್ಪು ನನ್ನದು. ಅಷ್ಟು ಜನ ಓದಿದರು, ಯಾರಿಗೂ ಕಾಣಲಿಲ್ಲ, ನಿಮ್ಮ ಮಗಳಿಗೆ ಕಂಡಿತು. ಅವಳ ಕೆಲಸಾನೂ ಹೋಗತ್ತೆ ಅಂತ ಗೊತ್ತಿದ್ದೂ ಬಂದು ಹೇಳಿದಳು. ಅವಳು ಹೋದರೆ ನನ್ನ ಲ್ಯಾಬಿನಲ್ಲಿ ಉಳಿಯೋದು ಏನು?"

ತಾಯಿ ಮಗಳ ಮುಖ ನೋಡಿದರು. ಆಮೇಲೆ ಮಾತು ನಿಧಾನವಾಗಿ ಸಾಗಿತು. ಹೊಸ ವಿಷಯ, ಇನ್ನೆಷ್ಟು ವರ್ಷ, ಫೆಲೋಶಿಪ್ ಮುಂದುವರಿಯಲು ಯಾರಿಗೆ ಬರೆಯಬೇಕು, ಎಲ್ಲವನ್ನೂ ಭಾವ ಒಂದೊಂದಾಗಿ ಹೇಳಿದರು. ಆ ತಾಯಿ ಗದಗಿನಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ಮಗಳಿಗೆ ಅವಳ ಟಿಕೆಟ್ ರದ್ದು ಮಾಡೆಂದರು, ತಮ್ಮದನ್ನಲ್ಲ. ನಾವು ಏಳುವ ಹೊತ್ತಿಗೆ ನಸೀಮಾ, ತನಗೆ ತಪ್ಪು ಮೊದಲೇ ಗೊತ್ತಾಗಿತ್ತು, ಸರ್‌ಗೆ ಹೇಗೆ ಹೇಳಲಿ ಎಂದು ಎಂಟು ದಿನ ಸರಿಯಾಗಿ ಊಟ ಮಾಡಿರಲಿಲ್ಲ, ತಡವಾಗಿ ಹೇಳಿದ್ದಕ್ಕೆ ಕ್ಷಮೆಯಿರಲಿ ಎಂದಳು. ಸೋಮವಾರ ಬರುತ್ತೇನೆ ಎಂದಳು. ಬಂದಳು ಕೂಡ.

ಇಳಿಯುವಾಗ ಭಾವ ಮುಂದಿದ್ದರು. ಎರಡನೆಯ ಮಹಡಿಯಲ್ಲಿ ಇದ್ದಕ್ಕಿದ್ದಂತೆ ನಿಂತು, ಹಾಗೆಯೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಪ್ರಬಂಧ ಹೋದಾಗ ಒದ್ದೆಯಾಗದ ಕಣ್ಣು ಈಗ ಒದ್ದೆಯಾಗಿತ್ತು.

"ಎಂಟು ದಿನ ಊಟ ಮಾಡಿರಲಿಲ್ಲವಂತೆ," ಎಂದರು. "ನಾನು ಅಷ್ಟು ಭಯ ಹುಟ್ಟಿಸೋ ಮನುಷ್ಯನೇನೇ?"

ಇಷ್ಟು ವರ್ಷ ಅವರನ್ನು ಆಡಿಕೊಂಡು ನಗುತ್ತಿದ್ದವಳು ನಾನು. ಪಕ್ಕದಲ್ಲಿ ಕೂರಲು ಜಾಗವಿರಲಿಲ್ಲ. ಹಿಂದಿನ ಮೆಟ್ಟಿಲಲ್ಲಿ ಕೂತು ಅವರ ಭುಜದ ಮೇಲೆ ಕೈಯಿಟ್ಟೆ. ಮೇಲೆ ಹತ್ತಬೇಕಾದವರು ಕೆಳಗೆ ಕಾಯುತ್ತಿದ್ದರು. ಯಾರೂ ಅವಸರ ಮಾಡಲಿಲ್ಲ.