ನನ್ನ ದಿನಗಳಿಗೆ ನಾಲ್ಕು ನಕಲು

ಇವತ್ತು ಮಾಡಿದ ಕೆಲಸಗಳು: ನೀರು ಬಿಟ್ಟಾಗ ಎರಡು ಡ್ರಮ್ಮು ತುಂಬಿದೆ. ದೋಸೆಗೆ ನೆನೆಹಾಕಿದೆ. ಒಣಗಿದ ಬಟ್ಟೆ ಮಡಿಚಿದೆ. ಇವರ ಯೂನಿಫಾರ್ಮಿನ ಜೇಬಿನಲ್ಲಿ ಒಂದು ನಟ್ಟು, ಎರಡು ವಾಷರ್ ಸಿಕ್ಕಿದವು, ಡಬ್ಬಿಗೆ ಹಾಕಿದೆ. ಹೆಬ್ಬಗೋಡಿ ಮಾರ್ಕೆಟ್ಟಿನಿಂದ ಹುರುಳಿಕಾಯಿ ತಂದೆ. ಗ್ಯಾಸ್ ಬುಕ್ ಮಾಡಿದೆ. ಇವರು "ಬರೆದ್ಯಾ?" ಎಂದು ಮೂರು ಸಲ ಕೇಳಿದರು. ಮೂರು ಸಲವೂ "ಬರೀತಿದೀನಿ" ಅಂದೆ.

ನಮ್ಮ ಮನೆಯವರಿಗೆ ದೇವರಲ್ಲಿ ನಂಬಿಕೆಯಿದೆ. ಆದರೆ ಆ ದೇವರು ನಮ್ಮೆಲ್ಲರ ಹಣೆಬರಹ ಬರೆದಿಟ್ಟ ಪುಸ್ತಕಕ್ಕೆ ಇನ್ನೊಂದು ಪ್ರತಿ ಮಾಡಿಸಿದ್ದಾನೋ ಇಲ್ಲವೋ ಎಂಬ ಅನುಮಾನ ಮಾತ್ರ ಹೋಗಿಲ್ಲ.

ಇವರು ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯ ಒಂದು ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್. ಇಪ್ಪತ್ತೆರಡು ವರ್ಷ ಯಂತ್ರಗಳು ಕೆಡುವುದನ್ನೇ ಕಾದು ಕೂತವರಿಗೆ ಕೆಡದೆ ನಡೆಯುತ್ತಿರುವ ವಸ್ತು ಕಂಡರೆ ಎದೆ ಡವಗುಟ್ಟುತ್ತದೆ. ನಮ್ಮ ಬೀಗದ ಕೈಗಳು ಮೂರು ಮನೆಯಲ್ಲಿವೆ. ರೇಷನ್ ಕಾರ್ಡಿನ ಜೆರಾಕ್ಸಿಗೆ ಜೆರಾಕ್ಸು ಇದೆ. ಕರೆಂಟು ಹೋದರೆ ಟಾರ್ಚು ಬೇಕು, ಸರಿ. ಆ ಟಾರ್ಚನ್ನು ಕತ್ತಲಲ್ಲಿ ಹುಡುಕುವುದಕ್ಕೆ ಇನ್ನೊಂದು ಟಾರ್ಚು ಇಟ್ಟುಕೊಂಡವರನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ?

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮೂರು ವರ್ಷದ ಹಿಂದೆ ಹೊಸೂರು ರಸ್ತೆಯ ಸರ್ವಿಸ್ ರೋಡಿನಲ್ಲಿ ನಾನು ಇವರ ಸ್ಕೂಟರಿನ ಹಿಂದಿನ ಸೀಟಿನಿಂದ ಬಿದ್ದೆ. ಹಂಪು ಕಾಣಿಸಲಿಲ್ಲ, ಅಷ್ಟೆ. ತಲೆಗೆ ಪೆಟ್ಟಾಯಿತು. ಆಮೇಲಿನ ಹನ್ನೊಂದು ದಿನ ನನ್ನ ಬಳಿ ಇಲ್ಲ. ಹೋದರೆ ಹೋಗಲಿ, ಹನ್ನೊಂದೇ ದಿನ ತಾನೇ ಅಂದುಕೊಂಡೆ. ಆದರೆ ಅಂದಿನಿಂದ ದಿನಗಳು ಉದುರುವುದು ನಿಂತಿಲ್ಲ. ಹಳೆಯದೆಲ್ಲ ಗಟ್ಟಿಯಾಗಿದೆ, ಸಾರಿಗೆ ಎಷ್ಟು ಹುಣಸೆಹಣ್ಣು ಎಂದು ಕೈಗೆ ಗೊತ್ತಿದೆ. ಹೋದ ವಾರದ್ದು, ಹೋದ ತಿಂಗಳಿನದು ಮಾತ್ರ ಅಲ್ಲೊಂದು ಇಲ್ಲೊಂದು ಹೇಳದೆ ಕೇಳದೆ ಹೊರಟುಹೋಗುತ್ತದೆ. ಡಾಕ್ಟರು ದಿನವೂ ಬರೆದಿಡಿ ಅಂದರು. ಅದಕ್ಕೇ ಬರೆಯುತ್ತೇನೆ: ಏನು ಮಾಡಿದೆ, ಏನು ತಿಂದೆವು, ಯಾರು ಮೊದಲು ಮಲಗಿದರು. ಈ ಮೂರು ಇದ್ದರೆ ದಿನದ ತುದಿ ಕೈಗೆ ಸಿಗುತ್ತದೆ, ಎಳೆದರೆ ಉಳಿದದ್ದು ಬರುತ್ತದೆ. ಈಗ ಹೇಳುತ್ತಿರುವುದೂ ಹಾಗೆ ಎಳೆದು ತೆಗೆದದ್ದೇ.

ಬೆಳಿಗ್ಗೆ ಎದ್ದ ಕೂಡಲೇ ಜನ ತಾಳಿ ಮುಟ್ಟಿಕೊಳ್ಳುತ್ತಾರೆ, ದೇವರ ಪಟ ನೋಡುತ್ತಾರೆ. ನನ್ನ ಕೈ ಪುಸ್ತಕಕ್ಕೆ ಹೋಗುತ್ತಿತ್ತು. ನಿನ್ನೆ ಅಲ್ಲಿ ಇದೆಯೇ? ಇದೆ. ಆಮೇಲೆ ಹಲ್ಲುಜ್ಜುವುದು.

ಒಂದು ಸಲ ಓವರ್‌ಹೆಡ್ ಟ್ಯಾಂಕು ತುಂಬಿ ಹರಿದು, ಗೋಡೆಗುಂಟ ಇಳಿದ ನೀರು ಬೀರುವಿನ ಮೇಲಿದ್ದ ನೋಟುಪುಸ್ತಕವನ್ನು ನೆನೆಸಿಬಿಟ್ಟಿತು. ಜೆಲ್ ಪೆನ್ನಿನಲ್ಲಿ ಬರೆದಿದ್ದೆ. ಶ್ರಾವಣ ಮಾಸ ಪೂರ್ತಿ ಒಂದೇ ನೀಲಿ ಮಡು. ಪುಟಗಳನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸುತ್ತಾ ಕೇಳಿದೆ:

"ರೀ, ಈ ಸಲ ವರಮಹಾಲಕ್ಷ್ಮಿ ಹಬ್ಬ ಮಾಡಿದ್ವಾ?"

"ಮಾಡಿದ್ವಲ್ಲೇ. ನೀನೇ ಒಬ್ಬಟ್ಟು ಮಾಡಿದ್ದೆ."

"ಚೆನ್ನಾಗಿತ್ತಾ?"

ಇವರು ಎದ್ದು ಹೊರಗೆ ಹೋಗಿ, ಆಗಲೇ ಒರೆಸಿ ಇಟ್ಟಿದ್ದ ಸ್ಕೂಟರನ್ನು ಇನ್ನೊಮ್ಮೆ ಒರೆಸತೊಡಗಿದರು. ಒಳಗೆ ಬಂದಾಗ ತೀರ್ಮಾನವಾಗಿತ್ತು: ಇನ್ನು ಕಾಗದ ಬೇಡ, ಫೋನಿನಲ್ಲಿ ಬರೆಯುವುದು.

"ಫೋನಲ್ಲಿ ಬರ್ದ್ರೆ ಎಲ್ಲಿಗೆ ಹೋಗುತ್ತೆ?" ಎಂದೆ.

"ಯಾರದೋ ಕಂಪ್ಯೂಟರಿಗೆ. ಅದೇ ಬೇಡ ಅಂತಿರೋದು. ನಾಳೆ ಅವ್ನು ಅಂಗಡಿ ಮುಚ್ಕೊಂಡು ಹೋದ್ರೆ? ಬಾಡಿಗೆ ಮನೇಲಿ ನಾವಿರೋದು ಸಾಕು ಕಣೇ. ನಿನ್ನ ದಿನಗಳೂ ಬಾಡಿಗೆ ಮನೇಲಿ ಇರೋದು ಬೇಡ."

ಹೀಗೆ, ಫ್ಯಾಕ್ಟರಿಯವರು ಬೇಡವೆಂದು ತೆಗೆದ ಹಳೆಯ ಕಂಪ್ಯೂಟರೊಂದು ನಮ್ಮ ಅಟ್ಟ ಏರಿ, ಇಡ್ಲಿ ಪಾತ್ರೆಯ ಪಕ್ಕ ಕೂತಿತು. ಫೋನಿನಲ್ಲಿ ಬರೆದದ್ದು ತಾನಾಗಿ ಆ ಕಂಪ್ಯೂಟರಿಗೆ ಹೋಗಿ ಸೇರಬೇಕು. ಅದಕ್ಕೊಂದು ಆ್ಯಪು ಬೇಕು. ಆ ಆ್ಯಪನ್ನು ಆರಿಸಲು ಇವರು ತೆಗೆದುಕೊಂಡದ್ದು ನಾಲ್ಕು ತಿಂಗಳು. ನನ್ನನ್ನು ನೋಡಲು ಬಂದಾಗ ಅರ್ಧ ಗಂಟೆಯಲ್ಲಿ ಒಪ್ಪಿದ ಮನುಷ್ಯ!

ಮೊದಲನೆಯದು ನೋಡಲು ಚಂದ, ಆದರೆ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ನಾನು ಬರೆದ ಹುಳಿ ಪಲ್ಯಗಳೆಲ್ಲ ಸಾಲಾಗಿ ಖಾಲಿ ಚೌಕಗಳಾದವು. ಎರಡನೆಯದಕ್ಕೆ ಎಲ್ಲವೂ ಬರುತ್ತಿತ್ತು, ಬರೆದದ್ದನ್ನು ಹೊರಗೆ ತೆಗೆಯಲು ಮಾತ್ರ ದಾರಿ ಇರಲಿಲ್ಲ. ಇವರು ಕನ್ನಡಕ ತೆಗೆದಿಟ್ಟರು. "ಒಳಗೆ ಹೋಗೋಕೆ ಬಾಗ್ಲಿದೆ, ಆಚೆ ಬರೋಕಿಲ್ಲ. ಇಂಥ ಶೆಡ್ಡನ್ನ ಫ್ಯಾಕ್ಟರೀಲಿ ಸೇಫ್ಟಿಯವರು ಅವತ್ತೇ ಸೀಲ್ ಮಾಡ್ತಾರೆ."

ಮೂರನೆಯದಕ್ಕೂ ನಾಲ್ಕನೆಯದಕ್ಕೂ ಒಂದೇ ಪರೀಕ್ಷೆ. ಇಬ್ಬರೂ ಎರಡು ಫೋನು ಹಿಡಿದು, ನೆಟ್ ಆಫ್ ಮಾಡಿ, ಒಂದೇ ದಿನದ ಪುಟದಲ್ಲಿ ಬೇರೆ ಬೇರೆ ಬರೆಯಬೇಕು. ನಾನು "ಮೂಲಂಗಿ ಸಾರು, ಚೆನ್ನಾಗಿತ್ತು" ಎಂದು ಬರೆದೆ. ಇವರು "ಮೂಲಂಗಿ ಸಾರು, ಉಪ್ಪು ಜಾಸ್ತಿ" ಎಂದು ಬರೆದರು. ನೆಟ್ ಹಾಕಿದರೆ ಮೂರನೆಯ ಆ್ಯಪು ತುಟಿ ಬಿಚ್ಚದೆ ನನ್ನದನ್ನು ಅಳಿಸಿ ಇವರದನ್ನು ಇಟ್ಟುಕೊಂಡಿತು. ನಾಲ್ಕನೆಯದು ಎರಡನ್ನೂ ಉಳಿಸಿಕೊಂಡು, ಯಾವುದನ್ನು ಇಡಲಿ ಎಂದು ಕೇಳಿತು.

"ಇದಕ್ಕೆ ಸಂಸಾರ ಗೊತ್ತು," ಎಂದರು ಇವರು. ನಾಲ್ಕನೆಯದೇ ನಿಂತಿತು.

ಆಮೇಲೆ ನಕಲುಗಳ ಸರದಿ. ಅಟ್ಟದ ಕಂಪ್ಯೂಟರಿನಲ್ಲಿ ಒಂದು, ಬೀರುವಿನ ಡಿಸ್ಕಿನಲ್ಲಿ ಒಂದು. ಮನೆಗೇ ಏನಾದರೂ ಆದರೆ ಎಂದು ಕೆಳಗಿನ ಓನರ್ ಅಕ್ಕನ ರಾಗಿ ಡಬ್ಬದ ಹಿಂದಿನ ಡಿಸ್ಕಿನಲ್ಲಿ ಒಂದು. ಇಡೀ ಬಿಲ್ಡಿಂಗಿಗೇ ಏನಾದರೂ ಆದರೆ ಎಂದು ಫ್ಯಾಕ್ಟರಿಯ ಇವರ ಡ್ರಾಯರಿನ ಪೆನ್ ಡ್ರೈವಿನಲ್ಲಿ ಒಂದು. ಅದಕ್ಕೆ ತಿಂಗಳಿಗೆ ಎರಡು ಸಲ ತುಂಬಿಸುವುದು. "ನಾಲ್ಕೂ ಯಾವತ್ತೂ ಒಂದೇ ಕಡೆ ಸೇರಬಾರದು" ಎಂದು ಅಡುಗೆಮನೆ ಬಾಗಿಲಿಗೆ ಚೀಟಿ ಅಂಟಿಸಿದರು. ಫೋನು ಐದನೆಯ ನಕಲಲ್ಲವೇ ಎಂದು ಕೇಳಿದ್ದಕ್ಕೆ, "ಫೋನು ಕನ್ನಡಿ ಇದ್ದ ಹಾಗೆ ಕಣೇ. ಎದುರಿಗಿರೋದನ್ನ ತೋರ್ಸುತ್ತೆ. ಎದುರಿಗೆ ಏನೂ ಇಲ್ದಿದ್ರೆ ಏನೂ ತೋರ್ಸಲ್ಲ," ಎಂದು ಪಾಠ ಹೇಳಿದರು. ಈ ಪಾಠವನ್ನು ದಯವಿಟ್ಟು ನೆನಪಿಡಿ. ಇವರು ನೆನಪಿಡಲಿಲ್ಲ.

ಪ್ರತಿ ತಿಂಗಳ ಮೊದಲ ಭಾನುವಾರ ಡ್ರಿಲ್ಲು. ಫ್ಯಾಕ್ಟರಿಯಲ್ಲಿ ಮಾಡಿಸಿ ಮಾಡಿಸಿ ಅಭ್ಯಾಸ. ವಿಷಲ್ ಊದಿ, "ಬೆಂಕಿ! ಅಟ್ಟಕ್ಕೆ ಬೆಂಕಿ!" ಎಂದು ಕೂಗುವುದು; ಹತ್ತು ನಿಮಿಷದಲ್ಲಿ ಡಿಸ್ಕಿನಿಂದ ನನ್ನ ದಿನಗಳನ್ನೆಲ್ಲ ಡ್ರಿಲ್ಲಿಗೆಂದೇ ತಂದಿಟ್ಟ ಇನ್ನೊಂದು ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸುವುದು, ಆಮೇಲೆ ಅಳಿಸುವುದು. ಮೊದಲ ಡ್ರಿಲ್ಲಿನ ದಿನ ಓನರ್ ಅಕ್ಕ ತುಂಬಿದ ಬಿಂದಿಗೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದೇಬಿಟ್ಟರು.

"ಎಲ್ಲವ್ವಾ ಬೆಂಕಿ?"

"ಬೆಂಕಿ ಇಲ್ಲಕ್ಕ, ಬಿದ್ದಂಗೆ ಅಂದ್ಕೊಂಡಿದೀವಿ," ಎಂದೆ.

"ಇಂಗಾ ಎದರ್ಸೋದು? ಸಾರ್‌ಗೆ ಏನಾನ ಆಗೈತಾ?"

ಬಿಂದಿಗೆ ಇಳಿಸಿ ಅರ್ಧ ನೀರು ತಾವೇ ಕುಡಿದು ಹೋದರು. ಅಂದಿನಿಂದ ಅವರಿಗೆ ಇವರ ಮೇಲೆ ಒಂದು ಕರುಣೆ. ರಾಗಿ ಡಬ್ಬದ ಹಿಂದಿನ ಡಿಸ್ಕನ್ನು ದಿನವೂ ಮುಟ್ಟಿ ನೋಡುತ್ತಿದ್ದರು. ಬಡಪಾಯಿ ಹುಚ್ಚಪ್ಪನ ಜೀವ ಇದರಲ್ಲಿದೆ ಎಂದು ತಿಳಿದಿದ್ದರೋ ಏನೋ.

ಎಂಟು ತಿಂಗಳು ಎಲ್ಲ ನೆಟ್ಟಗೆ ನಡೆಯಿತು. ಆಮೇಲೆ ಆಯುಧಪೂಜೆ ಬಂತು.

ಯಂತ್ರದಿಂದ ಅನ್ನ ತಿನ್ನುವವರ ಮನೆಯಲ್ಲಿ ಆಯುಧಪೂಜೆ ಎಂದರೆ ಸಣ್ಣ ಮಾತಲ್ಲ. ಅವತ್ತು ಯಾವ ಯಂತ್ರವೂ ಓಡಬಾರದು. ಇವರು ಸ್ನಾನ ಮಾಡಿ ಬಂದು ಅಟ್ಟದ ಕಂಪ್ಯೂಟರಿಗೆ ಕೈಮುಗಿದು ಆಫ್ ಮಾಡಿದರು. ಅಟ್ಟ ಏರಿದ ಮೇಲೆ ಅದು ಕಣ್ಣು ಮುಚ್ಚಿದ್ದು ಅದೇ ಮೊದಲು. ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನು ತಟ್ಟೆಯಲ್ಲಿ ಇಟ್ಟರು. ಬೀರುವಿನ ಡಿಸ್ಕನ್ನೂ ಇಟ್ಟರು. ಒಂದಕ್ಕೆ ಪೂಜೆ ಮಾಡಿ ಇನ್ನೊಂದನ್ನು ಬಿಡುವುದು ಸರಿಯೇ? ಕೆಳಗಿನಿಂದ ರಾಗಿ ಡಬ್ಬದ ಡಿಸ್ಕನ್ನೂ ತರಿಸಿದರು. ಬಾಗಿಲ ಮೇಲಿನ ಚೀಟಿಯನ್ನು ಆಗಲೇ ಮಾವಿನ ತೋರಣ ಮುಚ್ಚಿತ್ತು.

ಇವರು ಬೂದುಗುಂಬಳಕಾಯಿ ತರಲು ಹೋದರು. ನಾನು ಕಡಲೆಕಾಳಿನ ಉಸಲಿಗೆ ಒಗ್ಗರಣೆ ಹಾಕುತ್ತಿದ್ದೆ. ಸಹಾಯಕ್ಕೆಂದು ಬಂದ ಓನರ್ ಅಕ್ಕ ವರಾಂಡದಲ್ಲಿ ನೀರು ಸುರಿಯುತ್ತಿದ್ದ ಸದ್ದು ಕೇಳಿಸಿತು. ಬಂದು ನೋಡಿದರೆ ಸ್ಪ್ಯಾನರು, ಸ್ಕ್ರೂಡ್ರೈವರು, ಎರಡು ಡಿಸ್ಕು, ಎಲ್ಲವೂ ಅರಿಶಿನದ ನೀರಿನಲ್ಲಿ ಮಿಂದು, ಬಿಸಿಲಿಗೆ ಸಾಲಾಗಿ ಕೂತಿವೆ. ಒಂದೊಂದಕ್ಕೂ ಮೂರು ಪಟ್ಟೆ ವಿಭೂತಿ.

"ಅಕ್ಕಾ, ತೊಳೆದ್ಬಿಟ್ರಾ?"

"ತೊಳೀದೆ ಯಾರಾನ ಆಯ್ದಕ್ಕೆ ಪೂಜೆ ಮಾಡ್ತಾರೇನವ್ವಾ? ಆ ಎಲ್ಡು ಕರೀ ಡಬ್ಬಿ ಬಲೇ ಧೂಳಾಗಿದ್ವು. ವೈರು ತೂರ್ಸೋ ಸಂದೀಲೆಲ್ಲ ನೀರು ಬಿಟ್ಟು ಕ್ಲೀನಾಗಿ ಉಜ್ಜಿವ್ನಿ."

ಇವರು ಮೆಟ್ಟಿಲ ತುದಿಯಲ್ಲಿ ನಿಂತು ಇದನ್ನು ಕೇಳಿಸಿಕೊಂಡರು. ಕೈಯಲ್ಲಿದ್ದ ಕುಂಬಳಕಾಯಿ ಜಾರಿ ಬಿತ್ತು. ಒಡೆಯುವ ಶಾಸ್ತ್ರ ಅಲ್ಲಿಗೇ ಮುಗಿಯಿತು. ಅಕ್ಕನಿಗೆ ಮಾತ್ರ ಇವರು ಒಂದು ಮಾತೂ ಅನ್ನಲಿಲ್ಲ. ಉಸಲಿ ಕೊಟ್ಟು ಕಳಿಸು ಎಂದರು.

ಡಿಸ್ಕುಗಳು ಹೋದರೂ ಅಟ್ಟದ ಕಂಪ್ಯೂಟರ್ ಇತ್ತಲ್ಲ? ಮರುದಿನ ಬೆಳಿಗ್ಗೆ ಅದನ್ನು ಆನ್ ಮಾಡಿದರು. ಒಳಗಿನಿಂದ ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಕ್. ವರ್ಷಗಟ್ಟಲೆ ಓಡಿದ ಹಳೆಯ ಯಂತ್ರವನ್ನು ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ ಎಂದು ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದವರು ಇವರೇ.

"ಫೋನಲ್ಲಿದೆ, ಫೋನಲ್ಲಿದೆ," ಎಂದುಕೊಂಡು ಇವರು ಡ್ರಿಲ್ಲಿನ ಕಂಪ್ಯೂಟರಿನಲ್ಲಿ ಅದೇ ಆ್ಯಪನ್ನು ಹೊಸದಾಗಿ ಹಾಕಿ ನನ್ನ ಫೋನನ್ನು ಅದಕ್ಕೆ ಸೇರಿಸಿದರು. ಫೋನು ಆ ಕಡೆ ನೋಡಿತು. ಅಲ್ಲಿ ಏನೂ ಇರಲಿಲ್ಲ. ಸರಿ, ಹಾಗಾದರೆ ನನ್ನಲ್ಲೂ ಏನೂ ಇರಬಾರದು ಎಂದುಕೊಂಡಿತು. ಹಬ್ಬ ಮುಗಿದ ಮೇಲೆ ಸೀರಿಯಲ್ ಸೆಟ್ಟಿನ ಬಲ್ಬುಗಳು ಆರುತ್ತವಲ್ಲ, ಹಾಗೆ ನನ್ನ ಹೆಬ್ಬೆರಳಿನ ಕೆಳಗೇ ಸೋಮವಾರಗಳು, ಮಂಗಳವಾರಗಳು ಒಂದೊಂದಾಗಿ ಆರಿದವು. ನಾನು ನೋಡುತ್ತಲೇ ಇದ್ದೆ. ಕೊನೆಗೆ ಬಿಳಿ ಪುಟ. ಅದರ ಮೇಲೆ, ಹೊಸ ಟಿಪ್ಪಣಿ ಬರೆಯಿರಿ ಎಂದು ಮರ್ಯಾದೆಯಿಂದ ಒಂದು ಸಾಲು.

ಉಳಿದದ್ದು ಡ್ರಾಯರಿನ ಪೆನ್ ಡ್ರೈವು. ಫ್ಯಾಕ್ಟರಿಗೆ ಭಾನುವಾರದ ತನಕ ರಜೆ. ಮನೆಯಲ್ಲಿಲ್ಲದ್ದರಿಂದ ಡ್ರಿಲ್ಲಿನಲ್ಲಿ ಒಂದು ಸಲವೂ ಪರೀಕ್ಷೆಯಾಗದೆ ಉಳಿದ ನಕಲು ಅದೊಂದೇ. ಆ ಮೂರು ದಿನ ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಹೋದ ಯುಗಾದಿಗೆ ಯಾರು ಬಂದಿದ್ದರು? ಬೇಗೂರಿನ ದೇವಸ್ಥಾನಕ್ಕೆ ಹೋದದ್ದು ಈ ವರ್ಷವೋ, ಹೋದ ವರ್ಷವೋ? ಕೇಳಿದರೆ ಇವರು ಹೇಳುತ್ತಿದ್ದರು, ನಿಜ. ಆದರೆ ಕೇಳಬೇಕೆಂದು ತೋಚದ ದಿನಗಳಿರುತ್ತವಲ್ಲ, ಅವುಗಳ ಗತಿ ಏನು? ಇವರು ಸ್ಕೂಟರು ಒರೆಸಿದರು. ಮೂರು ದಿನದಲ್ಲಿ ಏಳು ಸಲ.

ಸೋಮವಾರ ಸಂಜೆ ಇವರು ಪೆನ್ ಡ್ರೈವನ್ನು ಟಿಫಿನ್ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ, ಎರಡು ಪ್ಲಾಸ್ಟಿಕ್ ಕವರು ಸುತ್ತಿ ತಂದರು.

"ಆಫೀಸಲ್ಲಿ ಹಾಕಿ ನೋಡಿದ್ರಾ?"

"ಇಲ್ಲ."

"ಯಾಕೆ?"

"ಭಯ ಆಯ್ತು ಕಣೇ. ನೀನೇ ಒತ್ತು."

ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ದಿನಗಳು ಬಂದವು, ಮೂಲಂಗಿ ಸಾರು ಬಂತು, ಉಪ್ಪು ಜಾಸ್ತಿಯೂ ಬಂತು. ಎಲ್ಲ ಬಂದವು. ಹಬ್ಬದ ಹಿಂದಿನ ಒಂಬತ್ತು ದಿನ ಮಾತ್ರ ಇರಲಿಲ್ಲ. ಪೆನ್ ಡ್ರೈವು ತುಂಬಿಸಿದ್ದು ಅದಕ್ಕೂ ಮುಂಚೆ.

ಒಂಬತ್ತೇ ತಾನೇ, ಹೋಗಲಿ ಬಿಡಿ ಎಂದೆ. ಇವರು ಕುರ್ಚಿ ಎಳೆದುಕೊಂಡು ಕೂತರು.

"ಬರ್ಕೋ. ಮೊದಲ್ನೇ ದಿನ, ಮಂಗಳವಾರ. ಬೆಡ್‌ಶೀಟ್ ಒಗೆದೆ. ಹಳದೀದು, ಅಂಚು ಹರಿದಿರೋದು. ಸೊಪ್ಪಿನವಳ ಜೊತೆ ಸಬ್ಬಸಿಗೆಗೆ ಜಗಳ ಆಡ್ದೆ. ರಾತ್ರಿ ಬಸ್ಸಾರು, ಮುದ್ದೆ. ಮೊದ್ಲು ಮಲಗಿದ್ದು ನೀನು. ಬುಧವಾರ. ಮಿಕ್ಸಿ ಜಾರಿಂದು ರಬ್ಬರು ಹುಡುಕ್ದೆ, ಸಿಗ್ಲಿಲ್ಲ, ಬೇಜಾರಾದೆ. ರಾತ್ರಿ ಚಿತ್ರಾನ್ನ. ಮೊದ್ಲು ಮಲಗಿದ್ದು ನೀನು."

"ಸುಳ್ಳು. ದಿನಾ ಮೊದ್ಲು ಮಲಗೋದು ನೀವು. ನೋಡಿ, ಇಲ್ಲಿ ಎಲ್ಲಾ ದಿನವೂ ಇವರು, ಇವರು ಅಂತ್ಲೇ ಬರ್ದಿದೀನಿ."

"ಕಣ್ಮುಚ್ಕೊಂಡಿರ್ತಿದ್ದೆ ಅಷ್ಟೆ," ಎಂದರು. "ನೀನು ಬರ್ದು, ಫೋನ್ ಇಟ್ಟು, ಉಸಿರು ನಿಧಾನ ಆದ್ಮೇಲೆ ಎದ್ದು, ಎಲ್ಲಾ ಒಂದ್ಸಲ ಓದಿ, ಅಟ್ಟಕ್ಕೆ ಸೇರಿದ್ಯಾ ಅಂತ ನೋಡಿ ಮಲಗ್ತಿದ್ದೆ."

"ಯಾವಾಗ್ಲಿಂದ?"

"ನೋಟ್‌ಬುಕ್ಕಿದ್ದಾಗ್ಲಿಂದ. ಅವತ್ತಿನಿಂದ."

ಸ್ಕೂಟರಿನ ದಿನವನ್ನು ನಮ್ಮ ಮನೆಯಲ್ಲಿ ಅವತ್ತು ಎಂದೇ ಕರೆಯುವುದು. "ಗುರುವಾರ ಹೇಳಿ," ಎಂದೆ. ಹೇಳಿದರು. ಒಂಬತ್ತು ದಿನವನ್ನೂ ಎಲ್ಲೂ ತಡವರಿಸದೆ ಹೇಳಿದರು. ಕೊನೆಯಲ್ಲಿ, ಕೇಳದೆಯೇ, "ಆ ವರಮಹಾಲಕ್ಷ್ಮಿ ಒಬ್ಬಟ್ಟು ಚೆನ್ನಾಗಿತ್ತು. ನಾನು ಐದು ತಿಂದೆ," ಎಂದರು.

ಹಳೆಯ ಪುಟಗಳ ತಪ್ಪನ್ನು ನಾನು ತಿದ್ದಲಿಲ್ಲ. ಅವು ಹಾಗೇ ಇರಲಿ.

ಇವತ್ತು ರಾತ್ರಿ ತಿಂದದ್ದು: ಚಪಾತಿ, ಹುರುಳಿಕಾಯಿ ಪಲ್ಯ, ಓನರ್ ಅಕ್ಕ ಕೊಟ್ಟ ಒಂದು ಬಟ್ಟಲು ಹೆಸರುಕಾಳು ಸಾರು. ಉಪ್ಪು ಸರಿಯಾಗಿತ್ತು. ಯಾರು ಮೊದಲು ಮಲಗಿದರು ಎಂಬ ಜಾಗವನ್ನು ಈಗೀಗ ಖಾಲಿ ಬಿಡುತ್ತೇನೆ; ಬೆಳಿಗ್ಗೆ ನೋಡಿದರೆ ಇವರು ತುಂಬಿರುತ್ತಾರೆ. ಸದ್ಯಕ್ಕೆ ಪಕ್ಕದಲ್ಲಿ ಕಣ್ಣು ಮುಚ್ಚಿ ಮಲಗಿದ್ದಾರೆ. ಗೊರಕೆ ಹೊಡೆಯುತ್ತಿದ್ದಾರೆ, ನಿಜವಾದ ಗೊರಕೆಗಿಂತ ಸ್ವಲ್ಪ ಚೆನ್ನಾಗಿಯೇ.