ಟ್ಯಾಂಟಲಸ್‌ನ ಒಬ್ಬಟ್ಟು

ದತ್ತಾತ್ರೇಯರ ಆ ದಿನದ ಫಜೀತಿಗೆಲ್ಲ ಕಾರಣ ಒಂದೇ ಒಂದು ಒಬ್ಬಟ್ಟು.

ಮೂರು ವರ್ಷದಿಂದ ಅವರ ರಕ್ತದಲ್ಲಿ ಸಕ್ಕರೆ ಇತ್ತು, ಬಾಯಲ್ಲಿ ಇರಲಿಲ್ಲ. ಹೆಂಡತಿ ರಾಜಲಕ್ಷ್ಮಿಯವರ ಕಾವಲು ಹಾಗಿತ್ತು. ಅಮೆರಿಕದ ಸೆಂಟರ್‌ವಿಲ್‌ನ ಆ ಮನೆಯಲ್ಲಿ ಬೆಲ್ಲದ ಡಬ್ಬಿ ಎಲ್ಲಿದೆಯೆಂಬುದು ನಿವೃತ್ತ ವಿಜ್ಞಾನಿಯಾದ ಅವರಿಗೂ ಪತ್ತೆಯಾಗದ ವಿಷಯ. ಹೀಗಿರುವಾಗ ಕನ್ನಡ ಸಂಘದ ಯುಗಾದಿಗೆ ನಂದಿತಾ ಎಂಬ ಹುಡುಗಿ ಗ್ರೀಕರ ಪಾತಾಳದ ನಾಟಕ ಆಡಿಸುತ್ತಾಳೆಂದು ತಿಳಿದದ್ದೇ, ಓಡಿಹೋಗಿ ಟ್ಯಾಂಟಲಸ್‌ನ ಪಾತ್ರ ಕೇಳಿ ಪಡೆದರು.

ಟ್ಯಾಂಟಲಸ್ ದೇವತೆಗಳ ಮನೆಗೆ ಊಟಕ್ಕೆ ಹೋಗಿ ಅವರ ಅಮೃತವನ್ನೇ ಕದ್ದು ತಂದ ರಾಜ. ಅದಕ್ಕೆ ಶಿಕ್ಷೆಯಾಗಿ ಪಾತಾಳದಲ್ಲಿ ಕತ್ತಿನವರೆಗೆ ನೀರು, ತಲೆಯ ಮೇಲೆ ಹಣ್ಣಿನ ಕೊಂಬೆ. ಬಗ್ಗಿದರೆ ನೀರು ಇಳಿಯುತ್ತದೆ, ಕೈಚಾಚಿದರೆ ಕೊಂಬೆ ಏರುತ್ತದೆ.

"ಹಣ್ಣು ಯಾಕಮ್ಮ? ಯುಗಾದಿ ಅಲ್ವಾ, ಒಬ್ಬಟ್ಟೇ ಕಟ್ಟು. ಆಡಿಯನ್ಸ್ ಕನೆಕ್ಟ್ ಆಗ್ತಾರೆ."

"ಸೂಪರ್ ಐಡಿಯಾ ಅಂಕಲ್!" ಎಂದಳು ನಂದಿತಾ.

ಪಾತ್ರ ಅವರಿಗೆ ಹೊಸದಲ್ಲ. ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ, ಮೈಸೂರಿನ ಕಾಲೇಜಿನಲ್ಲಿ, ಹಾಸ್ಟೆಲಿನ ನೀರುಸಾರಿನಿಂದ ಸೊರಗಿದ ಇದೇ ದತ್ತ ನಂಜನಗೂಡಿನ ರಸಬಾಳೆಗೆ ಹಾರಿದ್ದ. ಕೊನೆಯಲ್ಲಿ ಹಣ್ಣು ಕಟ್ಟಿದ ಹಗ್ಗ ಇಳಿಸುತ್ತೇನೆಂದು ಗೆಳೆಯ ಹರಿಪ್ರಸಾದ ಮಾತು ಕೊಟ್ಟಿದ್ದ. ಹಗ್ಗ ಇಳಿಯಲೇ ಇಲ್ಲ. ಮುಖದ ಬಣ್ಣದ ವಾಸನೆ, ಅದರ ಮೇಲೆ ಆ ಹಣ್ಣಿನ ವಾಸನೆ, ಇನ್ನೂ ಮೂಗಿನಲ್ಲಿದೆ. ಈಗ ಅಮೆರಿಕದಲ್ಲೇ, ಫೋರ್ಟ್ ಮಿಲ್ ಎಂಬ ದೂರದ ಊರಿನಲ್ಲಿ ನಿವೃತ್ತ ಡಾಕ್ಟರಾಗಿರುವ ಹರಿಪ್ರಸಾದರು, "ಹಗ್ಗ ಯಾರದೋ ಕೈಗೆ ಕೊಟ್ಟು ಟೀಗೆ ಹೋಗಿದ್ದೆ ಕಣೋ" ಎಂದು ಐವತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ. ದತ್ತಾತ್ರೇಯರು ನಂಬಿಲ್ಲ.

ನಾಟಕದ ದಿನ ಹಗ್ಗದ ಹೊಣೆ ಹೊತ್ತಿದ್ದ ಹುಡುಗ ಅವಿನಾಶನನ್ನು ಪರದೆಯ ಹಿಂದೆ ಹಿಡಿದರು.

"ಮೂರನೇ ಸಲ ಹಾರಿದಾಗ ಬಿಟ್ಬಿಡಪ್ಪ. ಮುನ್ನೂರು ಜನದ ಎದುರು ನಿಮ್ಮ ಆಂಟಿ ಏನು ಮಾಡ್ತಾಳೆ?"

"ಅಂಕಲ್, ಮಿಥಾಲಜಿ ಚೇಂಜ್ ಆಗಲ್ವಾ?"

"ಆಗ್ಲಿ ಬಿಡು. ಸಾವಿರಾರು ವರ್ಷ ಆಯ್ತು, ಪಾಪ ಅವನೂ ಒಂದ್ಸಲ ತಿನ್ಲಿ."

ಪರದೆ ಎದ್ದಿತು. ನೀಲಿ ಬಟ್ಟೆಯ ನೀರಿನಲ್ಲಿ ಕಚ್ಚೆ ಬಿಗಿದ ಟ್ಯಾಂಟಲಸ್; ಮೇಲೆ ತುಪ್ಪ ಜಿನುಗುವ ಒಬ್ಬಟ್ಟು, ಹುಣ್ಣಿಮೆಯ ಚಂದ್ರನಂತೆ. ಒಮ್ಮೆ ಹಾರಿದರು, ಏರಿತು. ಎರಡನೇ ಸಲವೂ ಏರಿತು. ಮುಂದಿನ ಸಾಲಿನಿಂದ, ಇದಕ್ಕೆಂದೇ ಕಾರೋಡಿಸಿಕೊಂಡು ಬಂದಿದ್ದ ಹರಿಪ್ರಸಾದರು ಕೂಗಿದರು: "ಹಾರೋ ದತ್ತ!"

ಅಷ್ಟರಲ್ಲಿ ಮೈಕಿನಲ್ಲಿ ಯಾರೋ, "ಬೂದು ಬಣ್ಣದ ವ್ಯಾನ್ ಫೈರ್ ಎಂಜಿನ್ ದಾರಿಗೆ ಅಡ್ಡ ನಿಂತಿದೆ, ಎಳ್ಕೊಂಡು ಹೋಗ್ತಾರಂತೆ, ಬೇಗ ತೆಗೀರಿ" ಎಂದರು. ಪಾತಾಳದ ಹಿಂದೆ ದಡದಡ ಹೆಜ್ಜೆ ಸದ್ದು.

ಮೂರನೇ ಸಲ ಹಾರಿದರು. ಬೆರಳಿಗೆ ತುಪ್ಪ ತಾಗಿತು; ಒಬ್ಬಟ್ಟು ಸರ್ರನೆ ಮೇಲೇರಿತು. ನಾಲ್ಕನೆಯದಕ್ಕೆ ಮಂಡಿ ಹಳೇ ಬಾಗಿಲಿನಂತೆ ಕಿರುಗುಟ್ಟಿತು. ಐದನೆಯದಕ್ಕೆ ವಿಗ್ಗು ಬಿತ್ತು. ಸಭೆ ಎದ್ದು ನಿಂತು "ಒನ್ಸ್ ಮೋರ್" ಎಂದಿತು. ಅಂಥ ಹಸಿವಿನ ಅಭಿನಯವನ್ನು ಸಂಘ ಕಂಡಿರಲಿಲ್ಲ.

ಪರದೆ ಬಿದ್ದಮೇಲೆ ಅವರು ನೀಲಿ ಬಟ್ಟೆಯಿಂದ ಬಿಡಿಸಿಕೊಂಡು, ವಿಗ್ಗು ಹುಡುಕಿಕೊಂಡು, "ದ್ರೋಹಿ ಅವಿನಾಶ!" ಎನ್ನುತ್ತ ಹಿಂದೆ ನುಗ್ಗಿದರು. ಅಲ್ಲಿ ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ರಾಜಲಕ್ಷ್ಮಿಯವರು ನಿಂತಿದ್ದರು.

"ವ್ಯಾನು ಅವನದು. ಅನೌನ್ಸ್ ಮಾಡ್ಸಿದ್ದು ನಾನು."

"ಹಗ್ಗ ಎಳೆಯೋದು ಯಾವಾಗ ಕಲಿತೆ ನೀನು?"

"ಫಸ್ಟ್ ಬಿಎಸ್ಸಿಲಿ, ನಿಮ್ಮ ರಸಬಾಳೆ ನಾಟಕದ ದಿನ. ಹರಿಪ್ರಸಾದ್ ಟೀಗೆ ಹೋಗ್ತಾ, ಸ್ವಲ್ಪ ಹಿಡ್ಕೊಳಮ್ಮ ಅಂದಿದ್ರು." ಹಗ್ಗ ಬಿಚ್ಚುತ್ತ ಅವರು ನಕ್ಕರು. "ಹಾರ್ತಾ ಇದ್ದಾಗ ನಿಮ್ಮ ಮುಖ ಎಷ್ಟು ಚೆನ್ನಾಗಿತ್ತು ಅಂತೀರಿ! ಇಳಿಸೋಕೆ ಮನಸ್ಸೇ ಬರ್ಲಿಲ್ಲ. ಆಮೇಲೆ ನಿಮ್ಮ ಜಾತಕ ಬಂದಾಗ ಆ ಮುಖ ನೆನೆಸ್ಕೊಂಡೇ ಹೂಂ ಅಂದೆ."

ದತ್ತಾತ್ರೇಯರಿಗೆ ಒಂದು ಗಳಿಗೆ ಒಬ್ಬಟ್ಟೂ ಮರೆತುಹೋಯಿತು. ಮರುಗಳಿಗೆ ನೆನಪಾಗಿ ಮೇಲೆ ನೋಡಿದರು. ಕೊಂಬೆ ಖಾಲಿ.

ಅಷ್ಟರಲ್ಲಿ ಹರಿಪ್ರಸಾದರು ಬೆರಳು ಚೀಪುತ್ತ ಬಂದರು. "ಭೇಷ್ ದತ್ತ! ಒಬ್ಬಟ್ಟಂತೂ ಫಸ್ಟ್ ಕ್ಲಾಸ್."

"ಐವತ್ತು ವರ್ಷ ನನ್ನಿಂದಾಗಿ ಬೈಸ್ಕೊಂಡ್ರಲ್ಲ, ಪಾಪ. ಪರದೆ ಬಿದ್ದ ತಕ್ಷಣ ಇಳಿಸಿ ಇವ್ರಿಗೆ ಕಳಿಸ್ಬಿಟ್ಟೆ" ಎಂದರು ರಾಜಲಕ್ಷ್ಮಿ. ಸೆರಗಿನ ಗಂಟಿನಿಂದ ಪುಟ್ಟ ಪೊಟ್ಟಣ ತೆಗೆದು ಗಂಡನ ಕೈಗಿಟ್ಟರು. "ಹಬ್ಬದ ದಿನ, ಬೇವು-ಬೆಲ್ಲ ತಗೊಳ್ಳಿ."

ದತ್ತಾತ್ರೇಯರು ಆಸೆಯಿಂದ ಬಿಚ್ಚಿದರು. "ಬೆಲ್ಲ ಎಲ್ಲೇ?"

"ಆರಿಸಿ ತೆಗೆದಿದ್ದೀನಿ."